ಮೊದಲ ಸ್ಥಾನ ಬಂದರೂ ಮೇಲೆ ಹೋಗದ ಸೀಸನ್

ಓದುಗರ ಪ್ರಶ್ನೆ: ಸರ್, ಬೆಂಗಳೂರು ಎಫ್‌ಸಿಗೆ ಸ್ಪೇನ್‌ನ ಕೋಚ್‌ಗಳು, ಆಟಗಾರರು ಬರಲು ಶುರುವಾದಾಗಿನಿಂದ ನನಗೆ ಆ ದೇಶದ ಫುಟ್‌ಬಾಲ್ ಮೇಲೆ ಆಸಕ್ತಿ. 2025ರಲ್ಲಿ ರಿಯಲ್ ಒವಿಯೆಡೊ ಕ್ಲಬ್ ಅಲ್ಲಿನ ಅಗ್ರ ಲೀಗ್ ಆದ ಲಾ ಲಿಗಾಕ್ಕೆ ವಾಪಸ್ ಬಂದಾಗ, ಅದು ಹಿಂದೊಮ್ಮೆ ನಾಲ್ಕನೇ ಹಂತದ ಪ್ರಾದೇಶಿಕ ಲೀಗ್‌ನಲ್ಲಿ ಆಡಿತ್ತು ಅಂತ ಓದಿದೆ. 2003-04ರ ಟೇಬಲ್ ಹುಡುಕಿದೆ. ಒವಿಯೆಡೊ ಮೊದಲ ಸ್ಥಾನದಲ್ಲಿದೆ, ಆದರೆ ಮೇಲಿನ ಲೀಗ್‌ಗೆ ಹೋಗಿಲ್ಲ. ಈಗಿನ ಟೇಬಲ್‌ಗಳಲ್ಲೂ 15ನೇ ತಂಡ ಒಂದು ವರ್ಷ ಉಳಿಯುತ್ತದೆ, ಇನ್ನೊಂದು ವರ್ಷ ಇಳಿಯುತ್ತದೆ. ಇದೆಲ್ಲ ಹೇಗೆ? ಅಷ್ಟು ಕೆಳಗಿನ ಲೀಗ್‌ನ ಒಂದು ಸೀಸನ್ ನಿಜಕ್ಕೂ ಹೇಗಿರುತ್ತದೆ?

ಉತ್ತರ: ನಿಮ್ಮ ಎರಡೂ ಗೊಂದಲಕ್ಕೆ ಉತ್ತರ ಒಂದೇ. ಆ ಲೀಗ್‌ನ ಟೇಬಲ್ ಅಷ್ಟಕ್ಕೇ ಮುಗಿಯುವುದಿಲ್ಲ. ಮೇಲಿನ ಲೀಗ್‌ನಲ್ಲಿ ಯಾರು ಬಿದ್ದರು, ಬೇರೆ ಪ್ರಾಂತ್ಯದಲ್ಲಿ ಯಾರು ಗೆದ್ದರು ಅನ್ನುವುದು ಸೇರಿದ ಮೇಲೆಯೇ ನಿಮ್ಮ ಕಣ್ಣೆದುರಿನ ಟೇಬಲ್‌ಗೆ ಅರ್ಥ ಬರುತ್ತದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನಗೆ ಬಹಳ ಇಷ್ಟದ ವಿಷಯ, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಒವಿಯೆಡೊ ಆಡಿದ ಆ ಲೀಗ್‌ನ ಹೆಸರು ‘ತೆರ್ಸೆರಾ’. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಮೂರನೆಯದು. 1929ರಲ್ಲಿ ಶುರುವಾದಾಗ ಅದು ನಿಜವಾಗಿಯೂ ಮೂರನೇ ಹಂತವೇ. 1977ರಲ್ಲಿ ಅದರ ಮೇಲೆ ‘ಸೆಗುಂಡಾ ಬಿ’ ಅಂತ ಹೊಸ ಹಂತ ತಂದು ಕೂರಿಸಿದರು. ತೆರ್ಸೆರಾ ನಾಲ್ಕನೆಯದಾಯಿತು. 2021ರಲ್ಲಿ ಇಡೀ ವ್ಯವಸ್ಥೆಯನ್ನು ಮತ್ತೆ ಬದಲಿಸಿದರು. ವೃತ್ತಿಪರ ಲೀಗ್‌ಗಳಾದ ಮೇಲಿನ ಎರಡರ ಕೆಳಗೆ ಪ್ರಿಮೇರಾ ಫೆಡರೇಶನ್, ಅದರ ಕೆಳಗೆ ಸೆಗುಂಡಾ ಫೆಡರೇಶನ್, ಅದರ ಕೆಳಗೆ ತೆರ್ಸೆರಾ ಫೆಡರೇಶನ್. ಹಾಗಾಗಿ ‘ಮೂರನೆಯದು’ ಅನ್ನುವ ಲೀಗ್ ಈಗ ಐದನೇ ಹಂತದಲ್ಲಿದೆ. ಅದರ ಕೆಳಗೆ ಬರುವುದೆಲ್ಲ ಆಯಾ ಪ್ರಾಂತ್ಯದ ಫುಟ್‌ಬಾಲ್ ಸಂಸ್ಥೆಗಳು ನಡೆಸುವ ಲೀಗ್‌ಗಳು. ಹೆಸರು ಒಂದೊಂದು ಕಡೆ ಒಂದೊಂದು. ಜನರ ಬಾಯಲ್ಲಿ ಹೆಚ್ಚಾಗಿ ಇರುವುದು ‘ಪ್ರೆಫೆರೆಂಟೆ’ ಅನ್ನುವ ಹಳೆಯ ಹೆಸರು.

ತೆರ್ಸೆರಾದಲ್ಲಿ 18 ಗುಂಪುಗಳಿವೆ. ಹೆಚ್ಚೂಕಡಿಮೆ ಪ್ರಾಂತ್ಯಕ್ಕೆ ಒಂದು. 1ನೇ ಗುಂಪು ಗಲೀಸಿಯಾ, 2ನೆಯದು ಅಸ್ಟೂರಿಯಸ್, 4ನೆಯದು ಬಾಸ್ಕ್ ನಾಡು, 5ನೆಯದು ಕೆಟಲೋನಿಯಾ, 12ನೆಯದು ಕ್ಯಾನರಿ ದ್ವೀಪಗಳು. ದೊಡ್ಡದಾದ ಆಂಡಲೂಸಿಯಾಗೆ ಎರಡು ಗುಂಪು. ಈಗ ಸಾಮಾನ್ಯವಾಗಿ ಗುಂಪಿಗೆ 18 ತಂಡ. ಪ್ರತಿ ತಂಡ ಉಳಿದ 17 ತಂಡಗಳ ಜೊತೆ ತನ್ನೂರಲ್ಲಿ ಒಂದು, ಅವರೂರಲ್ಲಿ ಒಂದು ಪಂದ್ಯ ಆಡುತ್ತದೆ. ಒಟ್ಟು 34 ಪಂದ್ಯ. ಸೆಪ್ಟೆಂಬರ್ ಸುಮಾರಿಗೆ ಶುರು, ಕ್ರಿಸ್‌ಮಸ್‌ಗೆ ಒಂದಿಷ್ಟು ಬಿಡುವು, ಬೇಸಿಗೆ ಹೊತ್ತಿಗೆ ಮುಕ್ತಾಯ.

ಕಾಗದದ ಮೇಲೆ ಇಷ್ಟೇ. ನೆಲದ ಮೇಲೆ ಹೇಗೆ ಅಂತ ತಿಳಿಯಲು 2ನೇ ಗುಂಪನ್ನೇ ತೆಗೆದುಕೊಳ್ಳೋಣ. ಒವಿಯೆಡೊ ಇದ್ದದ್ದೂ ಅಲ್ಲೇ.

ಅಸ್ಟೂರಿಯಸ್ ಸ್ಪೇನ್‌ನ ಉತ್ತರ ಕರಾವಳಿ. ನಮ್ಮ ತುಮಕೂರು ಜಿಲ್ಲೆಯಷ್ಟೇ ವಿಸ್ತೀರ್ಣ, ಜನ ಸುಮಾರು ಹತ್ತು ಲಕ್ಷ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ನಡುವೆ ಕಲ್ಲಿದ್ದಲ ಗಣಿಗಳಿದ್ದ ಕಣಿವೆಗಳು. ಮಳೆ ಜಾಸ್ತಿ. ಸ್ಪೇನ್ ಅಂದ ಕೂಡಲೇ ನಾವು ಅಂದುಕೊಳ್ಳುವ ಒಣ ಬಿಸಿಲು ಅಲ್ಲಿಲ್ಲ. ಮಲೆನಾಡಿನವರಿಗೆ ಮನೆ ನೆನಪಾಗುವಂಥ ಹಸಿರು. ಊರಿಂದ ಊರಿಗೆ ದೂರವಿಲ್ಲ. ಒವಿಯೆಡೊ ನಗರದಿಂದ ಮಿಯೆರೆಸ್‌ಗೋ ಲಾಂಗ್ರೆಯೊಗೋ ಹೋಗಲು ಅರ್ಧ ಗಂಟೆ ಸಾಕು. ಹಾಗಾಗಿ ಈ ಲೀಗ್‌ನಲ್ಲಿ ‘ಹೊರಗಿನ ಪಂದ್ಯ’ ಅಂದರೆ ಬೆಳಗ್ಗೆ ಮನೆಯಲ್ಲಿ ಕಾಫಿ ಕುಡಿದು ಹೊರಟು, ಪಂದ್ಯ ಆಡಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವುದು. ಆಟಗಾರರಲ್ಲಿ ಬಹಳ ಮಂದಿಗೆ ಸೋಮವಾರ ಕೆಲಸಕ್ಕೋ ಕಾಲೇಜಿಗೋ ಹೋಗಬೇಕು. ಎದುರಾಳಿ ತಂಡದ ಗೋಲ್‌ಕೀಪರ್ ನಿಮ್ಮ ಜೊತೆ ಶಾಲೆಯಲ್ಲಿ ಓದಿದವನೇ ಆಗಿರುವ ಸಾಧ್ಯತೆ ಇದೆ.

ಎಲ್ಲ ಗುಂಪಿಗೂ ಈ ಸುಖ ಇಲ್ಲ, ನೆನಪಿರಲಿ. 11ನೇ ಗುಂಪು ಬಾಲಿಯಾರಿಕ್ ದ್ವೀಪಗಳದು, 12ನೆಯದು ಕ್ಯಾನರಿ ದ್ವೀಪಗಳದು. ಅಲ್ಲಿ ಹೊರಗಿನ ಪಂದ್ಯಕ್ಕೆ ಹಡಗು, ಇಲ್ಲವೇ ವಿಮಾನ. ಅದೇ ಐದನೇ ಹಂತ, ಆದರೆ ಕ್ಲಬ್‌ನ ಖರ್ಚಿನ ಲೆಕ್ಕವೇ ಬೇರೆ.

ಅಸ್ಟೂರಿಯಸ್‌ನ ಲುವಾಂಕೊ ಅನ್ನುವ ಮೀನುಗಾರರ ಊರಿನಲ್ಲಿ ಮರೀನೊ ಅಂತ ಒಂದು ಕ್ಲಬ್ ಇದೆ. ಮೈದಾನದ ಹೆಸರು ಮಿರಾಮಾರ್. ಸಮುದ್ರ ಕಾಣುವ ಜಾಗ ಅಂತ ಅರ್ಥ. ಅಲ್ಲಿ ಒಂದು ಭಾನುವಾರ ನಾನು ಕಂಬಿ ಹಿಡಿದು ನಿಂತಿದ್ದೆ. ಗಾಳಿ ಎಷ್ಟಿತ್ತೆಂದರೆ ಗೋಲ್‌ಕೀಪರ್ ಒದ್ದ ಚೆಂಡು ಅರ್ಧ ಮೈದಾನಕ್ಕೆ ಹೋಗಿ ಅಲ್ಲೇ ನಿಂತ ಹಾಗೆ ಕಾಣುತ್ತಿತ್ತು. ಟಿಕೆಟ್ ಹರಿದು ಕೊಟ್ಟವರೇ ಆಮೇಲೆ ಗೋಲ್ ಹಿಂದೆ ಹೋದ ಚೆಂಡು ತರಲು ಓಡುತ್ತಿದ್ದರು. ಪಕ್ಕದ ಹಿರಿಯರೊಬ್ಬರು ಸೂರ್ಯಕಾಂತಿ ಬೀಜದ ಪೊಟ್ಟಣ ನನ್ನ ಕಡೆ ಚಾಚಿದರು. ಸ್ಪೇನ್‌ನ ಯಾವ ಸಣ್ಣ ಮೈದಾನಕ್ಕೆ ಹೋದರೂ ಪಂದ್ಯ ಮುಗಿಯುವ ಹೊತ್ತಿಗೆ ಕಾಲ ಕೆಳಗೆ ಆ ಬೀಜದ ಸಿಪ್ಪೆಯ ಹಾಸು ಬಿದ್ದಿರುತ್ತದೆ. ನಮ್ಮಲ್ಲಿ ಕಡಲೆಕಾಯಿ ಸಿಪ್ಪೆ ಇದ್ದ ಹಾಗೆ. ಹಲ್ಲಿನ ನಡುವೆ ಬೀಜ ನಿಲ್ಲಿಸಿ, ಕಡಿದು, ಸಿಪ್ಪೆ ಉಗಿಯುವುದು ಅವರಿಗೆ ಉಸಿರಾಡಿದಷ್ಟು ಸಲೀಸು. ನನಗೆ ಮೊದಲಾರ್ಧ ಮುಗಿದರೂ ಬರಲಿಲ್ಲ. ಆ ಹಿರಿಯರು ಎರಡು ಸಲ ಬಾಯಿ ತೆರೆದು, ನಿಧಾನವಾಗಿ ಮಾಡಿ ತೋರಿಸಿದರು.

ಇಂಥ ಕ್ಲಬ್‌ಗಳು ಪಂದ್ಯದ ಮಧ್ಯದ ಬಿಡುವಿನಲ್ಲಿ ಲಾಟರಿ ಎತ್ತುವುದುಂಟು. ಬಹುಮಾನವಾಗಿ ಒಂದು ಇಡೀ ಹಂದಿ ತೊಡೆ, ಅಂದರೆ ಅವರ ಹೆಸರುವಾಸಿ ಹಾಮೋನ್. ಇಲ್ಲವೇ ತಿಂಡಿ ತೀರ್ಥ ತುಂಬಿದ ಬುಟ್ಟಿ. ಇದನ್ನು ತಮಾಷೆ ಅಂದುಕೊಳ್ಳಬೇಡಿ. ಆ ಚೀಟಿಯ ದುಡ್ಡು, ಮೈದಾನದ ಮೂಲೆಯ ಬಾರ್‌ನ ದುಡ್ಡು, ವರ್ಷದ ಚಂದಾ ಕಟ್ಟುವ ಸದಸ್ಯರ ದುಡ್ಡು, ಊರಿನ ನಾಲ್ಕು ಅಂಗಡಿಯವರು ಕೊಡುವ ಜಾಹೀರಾತಿನ ದುಡ್ಡು. ಸಣ್ಣ ಕ್ಲಬ್ ಸೀಸನ್ ದಾಟುವುದು ಇದರಿಂದಲೇ. ಚಂದಾ ಕಟ್ಟುವವರಿಗೆ ‘ಸೋಸಿಯೊ’ ಅನ್ನುತ್ತಾರೆ. ಈ ಪದ ನೆನಪಿಟ್ಟುಕೊಳ್ಳಿ, ಒವಿಯೆಡೊ ಕಥೆಯಲ್ಲಿ ಬೇಕಾಗುತ್ತದೆ.

ಪಂದ್ಯ ಮುಗಿದ ಮೇಲೆ ಸೀದ್ರಾ, ಅಂದರೆ ಸೇಬಿನ ಮದ್ಯ. ಬಾಟಲಿಯನ್ನು ತಲೆಗಿಂತ ಮೇಲೆ ಎತ್ತಿ, ಸೊಂಟದ ಕೆಳಗೆ ಓರೆಯಾಗಿ ಹಿಡಿದ ಲೋಟದ ಅಂಚಿಗೆ ಬೀಳುವಂತೆ ಸುರಿಯುತ್ತಾರೆ. ಒಂದು ಗುಟುಕಿನಷ್ಟೇ ಸುರಿದು, ನೊರೆ ಆರುವ ಮೊದಲೇ ಕುಡಿದುಬಿಡಬೇಕು. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇಬಿಗೂ ಸೀದ್ರಾಗೂ ಹೆಸರಾದ ವಿಯಾವಿಸಿಯೋಸಾ ಊರಿನ ಕ್ಲಬ್ ಹೆಸರು ಲೆಯಾಲ್ತಾದ್. ನಿಷ್ಠೆ ಅಂತ ಅದರ ಅರ್ಥ. ಆ ಹೆಸರು ನನಗೆ ತುಂಬ ಇಷ್ಟ.

ಈಗ 2003ಕ್ಕೆ ಬನ್ನಿ.

ರಿಯಲ್ ಒವಿಯೆಡೊ ಸಣ್ಣ ಕ್ಲಬ್ ಅಲ್ಲ. 1926ರಲ್ಲಿ ಹುಟ್ಟಿದ್ದು. 1991ರಲ್ಲಿ ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಯುಇಎಫ್‌ಎ ಕಪ್‌ನಲ್ಲಿ ಇಟಲಿಯ ಜೆನೊವಾ ಎದುರು ಆಡಿತ್ತು. 2000ರಲ್ಲಿ 30,000 ಜನ ಕೂರುವ ಹೊಸ ಕಾರ್ಲೋಸ್ ತರ್ತಿಯೆರೆ ಸ್ಟೇಡಿಯಂ ಶುರುವಾಯಿತು. ಆ ಸ್ಟೇಡಿಯಂನಲ್ಲಿ ಆಡಿದ ಮೊದಲ ಸೀಸನ್‌ನಲ್ಲೇ ತಂಡ ಲಾ ಲಿಗಾದಿಂದ ಕೆಳಗಿಳಿಯಿತು. 2003ರಲ್ಲಿ ಎರಡನೇ ಹಂತದಿಂದಲೂ ಇಳಿಯಿತು. ಅಷ್ಟು ಹೊತ್ತಿಗೆ ಕ್ಲಬ್ ಸಾಲದಲ್ಲಿ ಮುಳುಗಿ, ಆಟಗಾರರ ಸಂಬಳ ಬಾಕಿ ಬಿದ್ದಿತ್ತು. ಸ್ಪೇನ್‌ನಲ್ಲಿ ಇದಕ್ಕೆ ಕಟ್ಟುನಿಟ್ಟಿನ ನಿಯಮ ಇದೆ. ಆಟಗಾರರು ದೂರು ಕೊಟ್ಟು, ಗಡುವಿನೊಳಗೆ ಬಾಕಿ ತೀರದಿದ್ದರೆ ಕ್ಲಬ್ ಇನ್ನೊಂದು ಹಂತ ಕೆಳಗೆ ಹೋಗಬೇಕು. ಹಾಗೆ ಒಂದೇ ಬೇಸಿಗೆಯಲ್ಲಿ ಎರಡು ಮೆಟ್ಟಿಲು ಜಾರಿ ಒವಿಯೆಡೊ ತೆರ್ಸೆರಾಕ್ಕೆ ಬಂದು ಬಿತ್ತು. ಮೂರು ವರ್ಷದ ಹಿಂದೆ ಬಾರ್ಸಿಲೋನಾ ಬಂದು ಆಡಿದ್ದ ಸ್ಟೇಡಿಯಂಗೆ ಈಗ ಪಕ್ಕದ ಊರಿನ ಹವ್ಯಾಸಿ ತಂಡಗಳು ಬರಬೇಕು.

ಆಟಗಾರರು ಒಬ್ಬೊಬ್ಬರಾಗಿ ಹೊರಟರು. ಕಿರಿಯರ ತಂಡದಲ್ಲಿದ್ದ 18 ವರ್ಷದ ಸಾಂಟಿ ಕಸೋರ್ಲಾ ವಿಯಾರಿಯಲ್‌ಗೆ ಹೋದರು. ಹುವಾನ್ ಮಾಟಾ ಅನ್ನುವ ಹುಡುಗ ರಿಯಲ್ ಮ್ಯಾಡ್ರಿಡ್ ಅಕಾಡೆಮಿಗೆ ಹೋದ. ಈ ಇಬ್ಬರೂ ಮುಂದೆ ಸ್ಪೇನ್ ಪರ ಆಡಿದ್ದು ನಿಮಗೆ ಗೊತ್ತೇ ಇದೆ. ನಗರಾಡಳಿತವಂತೂ ಊರಿನ ಇನ್ನೊಂದು ಸಣ್ಣ ಕ್ಲಬ್ ಆದ ಅಸ್ಟೂರ್‌ನ ಬೆನ್ನಿಗೆ ನಿಂತಿತು. ಅದಕ್ಕೆ ಒವಿಯೆಡೊ ಎಸಿಎಫ್ ಅಂತ ಹೊಸ ಹೆಸರು ಬಂತು. ಹಳೆಯ ಕ್ಲಬ್ ಮುಗಿಯಿತು, ಇನ್ನು ಇದೇ ನಮ್ಮೂರ ತಂಡ ಅನ್ನುವ ಲೆಕ್ಕ.

ಜನ ಒಪ್ಪಲಿಲ್ಲ. ಇಡೀ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ. ನಾಲ್ಕನೇ ಹಂತದ ಲೀಗ್‌ಗೆ ಸಾವಿರಾರು ಜನ ಸೋಸಿಯೊ ಚಂದಾ ಕಟ್ಟಿದರು. ಅದೇ ನೀಲಿ ಅಂಗಿ, ಅದೇ ಹೆಸರು ಬೇಕು ಅಂದರು. ಆ ಸೀಸನ್‌ನಲ್ಲಿ ಒವಿಯೆಡೊ ಹೊರಗಿನ ಪಂದ್ಯಕ್ಕೆ ಹೋದಾಗ ಆ ಸಣ್ಣ ಊರುಗಳ ಸ್ಥಿತಿ ಊಹಿಸಿಕೊಳ್ಳಿ. ಎಂದಿನ ಭಾನುವಾರ ಕೆಲವೇ ನೂರು ಜನ ಬರುವ ಜಾಗ. ಅವತ್ತು ನೀಲಿ ಶಾಲು ಹಾಕಿದವರು ಬಸ್ಸು, ಕಾರು ಮಾಡಿಕೊಂಡು ಬರುತ್ತಾರೆ. ಎದುರಾಳಿ ಕ್ಲಬ್‌ಗಳಿಗೆ ಅದು ವರ್ಷದ ಹಬ್ಬ. ಆದರೆ ಮೈದಾನದೊಳಗೆ ಹಬ್ಬವಲ್ಲ. ಒವಿಯೆಡೊ ವಿರುದ್ಧ ಆಡುವ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ ಅಂತ ಪ್ರತಿಯೊಬ್ಬ ಎದುರಾಳಿಯೂ ಜೀವ ಬಿಟ್ಟು ಆಡುತ್ತಾನೆ. ಪ್ರತಿ ವಾರ ಹೀಗೇ. ದೊಡ್ಡ ಹೆಸರಿನ ತಂಡಕ್ಕೆ ಕೆಳಗಿನ ಲೀಗ್ ಸುಲಭ ಅಂದುಕೊಳ್ಳುವವರು ಇದನ್ನು ಮರೆಯುತ್ತಾರೆ.

ಆದರೂ ಒವಿಯೆಡೊ ಗುಂಪಿನಲ್ಲಿ ಮೊದಲ ಸ್ಥಾನ ಪಡೆಯಿತು. ನಿಮ್ಮ ಪ್ರಶ್ನೆ ಹುಟ್ಟಿದ್ದು ಇಲ್ಲೇ. ಆಗಿನ ನಿಯಮದಲ್ಲಿ ಮೊದಲ ಸ್ಥಾನಕ್ಕೆ ನೇರ ಬಡ್ತಿ ಇರಲಿಲ್ಲ. ಗುಂಪಿನ ಮೇಲಿನ ನಾಲ್ಕು ತಂಡಗಳಿಗೆ ಪ್ಲೇಆಫ್ (ಲೀಗ್ ಮುಗಿದ ಮೇಲಿನ ಬಡ್ತಿ ಪಂದ್ಯಗಳು) ಆಡುವ ಹಕ್ಕು ಮಾತ್ರ ಸಿಗುತ್ತಿತ್ತು. ಅಲ್ಲಿ ಬೇರೆ ಪ್ರಾಂತ್ಯದ ತಂಡಗಳು ಎದುರಾಗುತ್ತಿದ್ದವು. ಹತ್ತು ತಿಂಗಳು ಕಷ್ಟಪಟ್ಟು ಗೆದ್ದದ್ದು ಜೂನ್‌ನ ಕೆಲವೇ ಪಂದ್ಯಗಳಲ್ಲಿ ಕೈತಪ್ಪಬಹುದು. 2004ರಲ್ಲಿ ಒವಿಯೆಡೊಗೆ ಆದದ್ದು ಅದೇ. 2005ರಲ್ಲಿ ಮತ್ತೆ ಮೊದಲ ಸ್ಥಾನ, ಈ ಸಲ ಪ್ಲೇಆಫ್ ದಾಟಿ ಮೇಲೆ ಹೋಯಿತು. 2007ರಲ್ಲಿ ಮತ್ತೆ ತೆರ್ಸೆರಾಕ್ಕೆ ಬಿತ್ತು. 2008ರಲ್ಲಿ ಮೊದಲ ಸ್ಥಾನ, ಬಡ್ತಿ ಇಲ್ಲ. 2009ರಲ್ಲಿ ಮೊದಲ ಸ್ಥಾನ, ಬಡ್ತಿ ಸಿಕ್ಕಿತು. ತೆರ್ಸೆರಾದಲ್ಲಿ ನಾಲ್ಕು ಸೀಸನ್, ನಾಲ್ಕರಲ್ಲೂ ಮೊದಲ ಸ್ಥಾನ, ಮೇಲೆ ಹೋದದ್ದು ಎರಡೇ ಸಲ.

ಹಾಗಾದರೆ 2003-04 ಸೋಲಿನ ಸೀಸನ್ನಾ? ನನ್ನ ಮಟ್ಟಿಗೆ ಅಲ್ಲ. ಕ್ಲಬ್ ಬದುಕಿ ಉಳಿದದ್ದೇ ಆ ಸೀಸನ್‌ನಲ್ಲಿ. ಹೊಸ ಹೆಸರಿಟ್ಟುಕೊಂಡ ಆ ಇನ್ನೊಂದು ಕ್ಲಬ್ ಕೆಲವೇ ವರ್ಷಗಳಲ್ಲಿ ತನ್ನ ಹಳೆಯ ಹೆಸರಿಗೆ ಮರಳಿತು. 2012ರ ನವೆಂಬರ್‌ನಲ್ಲಿ ಒವಿಯೆಡೊ ಮತ್ತೆ ಮುಚ್ಚುವ ಹಂತಕ್ಕೆ ಬಂದಾಗ ಒಂದು ಶೇರಿಗೆ 10.75 ಯೂರೊನಂತೆ ಮಾರಾಟಕ್ಕೆ ಇಟ್ಟರು. ಕಸೋರ್ಲಾ, ಮಾಟಾ, ಜೊತೆಗೆ ಕ್ಲಬ್‌ನ ಇನ್ನೊಬ್ಬ ಹಳೆಯ ಆಟಗಾರ ಮಿಚು (ಇವರ ಕಥೆ ಕೊನೆಯಲ್ಲಿ ಹೇಳುತ್ತೇನೆ) ಮೂವರೂ ದುಡ್ಡು ಹಾಕಿದರು. ಅರವತ್ತಕ್ಕೂ ಹೆಚ್ಚು ದೇಶಗಳ ಜನ ಶೇರು ಕೊಂಡರು. ಆಮೇಲೆ ಮೆಕ್ಸಿಕೊದ ಉದ್ಯಮಿ ಕಾರ್ಲೋಸ್ ಸ್ಲಿಮ್ ಅವರ ಕಂಪನಿಯೂ ಬಂತು. 2003ರಲ್ಲಿ ಜನ ಬಿಟ್ಟು ಹೋಗಿದ್ದರೆ ಆ ಶೇರು ಮಾರಲು ಯಾವ ಕ್ಲಬ್ ಇರುತ್ತಿತ್ತು ಹೇಳಿ. ಮುಂದಿನದು ನಿಮಗೆ ಗೊತ್ತು. 2023ರಲ್ಲಿ ಕಸೋರ್ಲಾ ಲೀಗ್ ನಿಯಮ ಒಪ್ಪುವ ಕನಿಷ್ಠ ಸಂಬಳಕ್ಕೆ ಊರಿಗೆ ವಾಪಸ್ ಬಂದರು. 2025ರ ಜೂನ್ 21ರಂದು ಮಿರಾಂದೇಸ್ ಎದುರು 3-1ರಿಂದ ಗೆದ್ದು, 24 ವರ್ಷದ ನಂತರ ಒವಿಯೆಡೊ ಲಾ ಲಿಗಾಕ್ಕೆ ಏರಿತು. ಆ ಮೂರರಲ್ಲಿ ಒಂದು ಗೋಲು ನಲವತ್ತರ ಕಸೋರ್ಲಾ ಅವರದು.

ಚಾಂಪಿಯನ್‌ಗೆ ಆಗುತ್ತಿದ್ದ ಆ ಅನ್ಯಾಯ ಈಗ ಸರಿಹೋಗಿದೆ. 2021ರ ಬದಲಾವಣೆಯ ನಂತರ 18 ಗುಂಪಿನ 18 ಚಾಂಪಿಯನ್‌ಗಳೂ ನೇರವಾಗಿ ಸೆಗುಂಡಾ ಫೆಡರೇಶನ್‌ಗೆ ಹೋಗುತ್ತಾರೆ. ಎರಡರಿಂದ ಐದನೇ ಸ್ಥಾನದವರು ಮೊದಲು ತಮ್ಮ ಗುಂಪಿನೊಳಗೇ ಪ್ಲೇಆಫ್ ಆಡಬೇಕು. ಗುಂಪಿಗೆ ಒಬ್ಬರಂತೆ ಗೆದ್ದ 18 ತಂಡಗಳು ಆಮೇಲೆ ಜೋಡಿ ಜೋಡಿಯಾಗಿ ಆಡುತ್ತವೆ. ಅವರಲ್ಲಿ 9 ತಂಡ ಮೇಲೆ ಹೋಗುತ್ತವೆ. ಒಟ್ಟು 27. ಹಳೆಯದಕ್ಕಿಂತ ಇದು ಎಷ್ಟೋ ನ್ಯಾಯವಾದ ವ್ಯವಸ್ಥೆ.

ಈಗ ನಿಮ್ಮ ಇನ್ನೊಂದು ಪ್ರಶ್ನೆ, ಆ 15ನೇ ಸ್ಥಾನದ್ದು. ಇದಕ್ಕೆ ಸ್ಪೇನ್‌ನಲ್ಲಿ ‘ಅರಾಸ್ತ್ರೆ’ ಅನ್ನುತ್ತಾರೆ. ಎಳೆತ ಅಂತ ಅರ್ಥ. ಮೇಲಿನಿಂದ ಬೀಳುವವನು ಕೆಳಗಿನವನನ್ನೂ ಎಳೆದುಕೊಂಡು ಬೀಳುತ್ತಾನೆ.

ಸೆಗುಂಡಾ ಫೆಡರೇಶನ್‌ನಲ್ಲಿ ಒಂದೇ ಗುಂಪಿನಲ್ಲಿ ಹಲವು ಪ್ರಾಂತ್ಯದ ತಂಡಗಳಿರುತ್ತವೆ. ಆದರೆ ಅಲ್ಲಿಂದ ಇಳಿಯುವ ತಂಡ ತನ್ನ ಸ್ವಂತ ಪ್ರಾಂತ್ಯದ ತೆರ್ಸೆರಾ ಗುಂಪಿಗೇ ಬರಬೇಕು. ಅಸ್ಟೂರಿಯಸ್‌ನ ತಂಡ ಇಳಿದರೆ ಅದು 2ನೇ ಗುಂಪಿಗೇ. ಗುಂಪಿನಲ್ಲಿ ಜಾಗ ಇರುವುದು 18 ಮಾತ್ರ.

ಒಂದು ಉದಾಹರಣೆ ಹಾಕಿ ಲೆಕ್ಕ ಮಾಡೋಣ. ಗುಂಪಿನಿಂದ ಸಾಮಾನ್ಯವಾಗಿ 3 ತಂಡ ಕೆಳಗೆ ಹೋಗುತ್ತವೆ, ಕೆಳಗಿನಿಂದ 3 ಬರುತ್ತವೆ. ಚಾಂಪಿಯನ್ ಒಬ್ಬರು ಮೇಲೆ ಹೋಗುತ್ತಾರೆ. ಮೇಲಿನಿಂದ ಒಂದೇ ತಂಡ ಇಳಿದು ಬಂದರೆ ಲೆಕ್ಕ ಸರಿ, ಮತ್ತೆ 18. ಆಗ ಇಳಿಯುವುದು 16, 17, 18ನೇ ಸ್ಥಾನದವರು ಮಾತ್ರ. 15ನೆಯವರು ಬಚಾವ್. ಆದರೆ ಆ ವರ್ಷ ಮೇಲಿನಿಂದ ಅಸ್ಟೂರಿಯಸ್‌ನ ಎರಡು ತಂಡ ಇಳಿದವು ಅಂದುಕೊಳ್ಳಿ. ಈಗ 19 ಆಯಿತು. ಒಬ್ಬರು ಹೆಚ್ಚು. 15ನೇ ತಂಡ ಹೊರಗೆ. ಅವರು ಮಾಡಿದ ತಪ್ಪೇನೂ ಇಲ್ಲ. ನೂರಾರು ಕಿಲೋಮೀಟರ್ ಆಚೆ, ಬೇರೆ ಲೀಗ್‌ನಲ್ಲಿ, ತಮ್ಮದೇ ಪ್ರಾಂತ್ಯದ ಇನ್ನೊಂದು ತಂಡ ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಿತು, ಅಷ್ಟೇ.

ಇನ್ನೂ ಒಂದು ಸುತ್ತು ಇದೆ. ಇದೇ ಗುಂಪಿನಿಂದ ಪ್ಲೇಆಫ್‌ಗೆ ಹೋದ ತಂಡ ಗೆದ್ದು ಮೇಲೆ ಹೋದರೆ ಒಂದು ಜಾಗ ಖಾಲಿಯಾಗುತ್ತದೆ. ಲೆಕ್ಕ ಮತ್ತೆ 18ಕ್ಕೆ ಬರುತ್ತದೆ. ಆಗ 15ನೆಯವರು ಉಳಿದುಕೊಳ್ಳುತ್ತಾರೆ. ಲೀಗ್ ಮುಗಿದು ವಾರಗಳೇ ಆಗಿರುತ್ತವೆ. ಆಟಗಾರರು ಬೂಟು ಕಟ್ಟಿ ಇಟ್ಟಿರುತ್ತಾರೆ. ಆದರೂ ಆ ಊರಿನ ಜನ ಬಾರ್‌ನಲ್ಲಿ ಕೂತು, ವರ್ಷವಿಡೀ ಬೈದುಕೊಂಡ ಪಕ್ಕದೂರಿನ ತಂಡ ಗೆಲ್ಲಲಿ ಅಂತ ಕೈಮುಗಿಯುತ್ತಾರೆ. ಅವರು ಗೆದ್ದರೆ ಇವರು ಉಳಿದರು. ದೊಡ್ಡ ಲೀಗ್‌ನ ಅಭಿಮಾನಿಗೆ ಈ ಅನುಭವ ಸಿಗುವುದೇ ಇಲ್ಲ.

ಎಷ್ಟು ತಂಡ ಇಳಿಯಬೇಕು, ಖಾಲಿ ಜಾಗ ಹೇಗೆ ತುಂಬಬೇಕು ಅನ್ನುವ ಸೂಕ್ಷ್ಮ ನಿಯಮಗಳನ್ನು ಪ್ರತಿ ಸೀಸನ್‌ಗೆ ಮೊದಲೇ ಬರೆದು ಪ್ರಕಟಿಸುತ್ತಾರೆ. ಹಾಗಾಗಿ ಒಂದು ವರ್ಷದ ಟೇಬಲ್ ನೋಡಿ ಇನ್ನೊಂದು ವರ್ಷದ್ದನ್ನು ಊಹಿಸಬೇಡಿ. ಇನ್ನೊಂದು ಮಾತು. ದೊಡ್ಡ ಕ್ಲಬ್‌ಗಳ ಬಿ ತಂಡಗಳೂ, ಅಂದರೆ ಎರಡನೇ ತಂಡಗಳೂ, ಇದೇ ಲೀಗ್‌ಗಳಲ್ಲಿ ಆಡುತ್ತವೆ. ಬಿ ತಂಡ ತನ್ನ ಮುಖ್ಯ ತಂಡ ಇರುವ ಹಂತದಲ್ಲಿ ಇರುವಂತಿಲ್ಲ. ಮುಖ್ಯ ತಂಡ ಕೆಳಗೆ ಬಂದರೆ ಬಿ ತಂಡ ಚೆನ್ನಾಗಿ ಆಡಿದ್ದರೂ ಜಾಗ ಬಿಡಬೇಕು.

ಅಂಕ ಸಮವಾದರೆ ಏನು ಅನ್ನುವುದನ್ನೂ ತಿಳಿದಿರಿ. ನೀವು ನೋಡುವ ಟೇಬಲ್‌ನಲ್ಲಿ ಗೋಲು ವ್ಯತ್ಯಾಸ ಹೆಚ್ಚಿದ್ದವರು ಕೆಲವೊಮ್ಮೆ ಕೆಳಗಿರುವುದು ಮುಂದೆ ಹೇಳುವ ನಿಯಮದಿಂದಲೇ. ಸ್ಪೇನ್‌ನಲ್ಲಿ ಮೊದಲು ನೋಡುವುದು ಆ ಎರಡು ತಂಡಗಳು ಪರಸ್ಪರ ಆಡಿದ ಎರಡು ಪಂದ್ಯಗಳನ್ನು. ಮೂರು ತಂಡ ಸಮವಾದರೆ ಆ ಮೂವರ ನಡುವಿನ ಪಂದ್ಯಗಳದ್ದೇ ಒಂದು ಪುಟ್ಟ ಟೇಬಲ್ ಮಾಡುತ್ತಾರೆ. ಇದು ಆಟವನ್ನೇ ಬದಲಿಸುತ್ತದೆ. ಒಂದು ತಂಡ ತನ್ನೂರಲ್ಲಿ 2-0 ಗೆದ್ದಿದೆ ಅನ್ನಿ. ಎದುರಾಳಿಯ ಊರಲ್ಲಿ 0-1ರಿಂದ ಹಿಂದಿದೆ. 85ನೇ ನಿಮಿಷ. ನೋಡುವವರಿಗೆ ಸೋಲುತ್ತಿರುವ ತಂಡ, ಆದರೆ ಗೋಲ್‌ಕೀಪರ್ ನಿಧಾನವಾಗಿ ನಡೆದು ಚೆಂಡು ಇಡುತ್ತಾನೆ, ಕೋಚ್ ಸುಮ್ನೆ ಕೂತಿರುತ್ತಾರೆ. ಯಾಕೆಂದರೆ ಎರಡು ಪಂದ್ಯ ಸೇರಿ 2-1, ಅದು ಅವರ ಕೈಯಲ್ಲಿದೆ. ಮುಂದೆ ನುಗ್ಗಿ ಇನ್ನೆರಡು ಗೋಲು ತಿಂದರೆ ಆ ಲಾಭವೂ ಹೋಯಿತು. ಸೀಸನ್ ಕೊನೆಯ ತಿಂಗಳಲ್ಲಿ ಇಂಥ ಪಂದ್ಯ ಜಾಸ್ತಿ.

2019-20 ಮಾತ್ರ ಯಾವ ನಿಯಮಕ್ಕೂ ಸಿಗದ ವರ್ಷ. ಕೊರೊನಾದಿಂದ ಮಾರ್ಚ್‌ನಲ್ಲಿ ಆಟ ನಿಂತಿತು. ಯಾರನ್ನೂ ಕೆಳಗೆ ಕಳಿಸಲಿಲ್ಲ. ಮೇಲಿನ ನಾಲ್ಕು ತಂಡಗಳಿಗೆ ಜುಲೈನಲ್ಲಿ ಅವಸರದ ಪ್ಲೇಆಫ್ ಆಡಿಸಿದರು. ಇಳಿಯುವವರು ಇಲ್ಲದೆ ಗುಂಪುಗಳು ಉಬ್ಬಿಹೋದವು. ಹಾಗಾಗಿ 2020-21ರಲ್ಲಿ ಪ್ರತಿ ಗುಂಪನ್ನೂ ಎರಡಾಗಿ ಒಡೆದು ಆಡಿಸಬೇಕಾಯಿತು. ಹಳೆಯ ತೆರ್ಸೆರಾದ ಕೊನೆಯ ಸೀಸನ್ ಅದೇ.

ಇನ್ನೂ ಕೆಳಗಿನ ಪ್ರಾದೇಶಿಕ ಲೀಗ್ ಗೆದ್ದವರಿಗೆ ಬಡ್ತಿಯ ಜೊತೆ ಇನ್ನೊಂದು ಆಸೆ ಇರುತ್ತದೆ. ಅದು ರಾಜನ ಕಪ್, ಕೋಪಾ ದೆಲ್ ರೇ. ಆರನೇ ಹಂತದ 20 ತಂಡಗಳು ಮೊದಲು ತಮ್ಮಲ್ಲೇ ಒಂದು ಸುತ್ತು ಆಡುತ್ತವೆ. ಗೆದ್ದ 10 ತಂಡಗಳಿಗೆ ಮುಂದಿನ ಸುತ್ತಿನಲ್ಲಿ ಲಾ ಲಿಗಾ ತಂಡ ಎದುರಾಗುತ್ತದೆ. 2023ರಲ್ಲಿ ಅರಗಾನ್ ಪ್ರಾಂತ್ಯದ ತಾರ್ದಿಯೆಂತಾ ಅನ್ನುವ ಹಳ್ಳಿಯ ತಂಡ ಹೀಗೆ ಗೆತಾಫೆ ಎದುರು ಆಡಿತು. ಸಾವಿರದ ಆಸುಪಾಸು ಜನರಿರುವ ಹಳ್ಳಿ. 0-12ರಿಂದ ಸೋತರು. ಹನ್ನೆರಡು ಗೋಲು ತಿಂದದ್ದು ನಾಚಿಕೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಅಲ್ಲಿಗೆ ಬರಲು ಅವರು ಒಂದು ಇಡೀ ಸೀಸನ್ ಗೆದ್ದಿದ್ದರು.

ಕೊನೆಯದಾಗಿ ಮಿಚು. ಈ ಲೀಗ್ ಬಗ್ಗೆ ಯಾರು ಕೇಳಿದರೂ ನಾನು ಇವರ ಕಥೆ ಹೇಳದೆ ಬಿಡುವುದಿಲ್ಲ.

ಮಿಗೆಲ್ ಪೆರೆಸ್ ಕುವೆಸ್ತಾ, ಎಲ್ಲರೂ ಕರೆಯುವುದು ಮಿಚು ಅಂತ. 1986ರಲ್ಲಿ ಒವಿಯೆಡೊದಲ್ಲೇ ಹುಟ್ಟಿದವರು. 2003-04ರಲ್ಲಿ ದೊಡ್ಡವರೆಲ್ಲ ಬಿಟ್ಟು ಹೋದ ತಂಡಕ್ಕೆ ಹುಡುಗರು ಬೇಕಿತ್ತು. ಹಾಗೆ 17ರ ಮಿಚು ತೆರ್ಸೆರಾದಲ್ಲಿ ಆಡಲು ಶುರು ಮಾಡಿದರು. ಅದೇ ಕಾಲದಲ್ಲಿ ಆಡಿದ ಇನ್ನೊಬ್ಬ ಸ್ಥಳೀಯ ಹುಡುಗ ದಿಯೆಗೊ ಸೆರ್ವೆರೊ. ಗೋಲು ಹೊಡೆಯುತ್ತಲೇ ವೈದ್ಯಕೀಯ ಓದಿ ಡಾಕ್ಟರ್ ಆದವರು. ಮಿಚು ನಾಲ್ಕು ವರ್ಷ ಒವಿಯೆಡೊದಲ್ಲಿ ಆಡಿ, ಸೆಲ್ಟಾ, ರಾಯೊ ದಾಟಿ 2012ರಲ್ಲಿ ವೇಲ್ಸ್‌ನ ಸ್ವಾನ್ಸಿಗೆ ಹೋದರು. ಕೊಟ್ಟ ಬೆಲೆ ಸುಮಾರು 20 ಲಕ್ಷ ಪೌಂಡ್. ಮೊದಲ ಸೀಸನ್‌ನಲ್ಲೇ ಪ್ರೀಮಿಯರ್ ಲೀಗ್‌ನಲ್ಲಿ 18 ಗೋಲು. 2013ರ ಲೀಗ್ ಕಪ್ ಫೈನಲ್‌ನಲ್ಲೂ ಗೋಲು. ಅದೇ ವರ್ಷ ಸ್ಪೇನ್ ಪರ ಒಂದು ಪಂದ್ಯ. ಆಮೇಲೆ ಕಣಕಾಲಿನ ಗಾಯ ಬಿಡಲಿಲ್ಲ.

2015ರಲ್ಲಿ ಅವರು ಎಲ್ಲಿಗೆ ಬಂದರು ಗೊತ್ತಾ? ಲಾಂಗ್ರೆಯೊಗೆ. ಗಣಿ ಕಣಿವೆಯ ಊರು, ಗಾನ್ಸಾಬಾಲ್ ಅನ್ನುವ ಹಳೆಯ ಮೈದಾನ, ಮತ್ತೆ ಅದೇ ತೆರ್ಸೆರಾ, ಅದೇ 2ನೇ ಗುಂಪು. ಕೋಚ್ ಅವರ ಅಣ್ಣ ಹೆರ್ನಾನ್. ಮೂರು ವರ್ಷದ ಹಿಂದೆ ಓಲ್ಡ್ ಟ್ರಾಫರ್ಡ್‌ನಂಥ ಕಡೆ ಆಡುತ್ತಿದ್ದವರು ಈಗ ಕೆಲವು ನೂರು ಜನರ ಮುಂದೆ, ಭಾನುವಾರ, ನೋವಿನ ಕಾಲಿನಲ್ಲಿ. ಮುಂದಿನ ವರ್ಷ ಒವಿಯೆಡೊಗೆ ಮರಳಿ ಒಂದು ಸೀಸನ್ ಆಡಿ, 2017ರಲ್ಲಿ ಆಟ ಬಿಟ್ಟರು.

ನೀವೂ ಒಂದು ಸೀಸನ್ ಹಿಂಬಾಲಿಸಬೇಕು ಅಂತಿದ್ದರೆ 2ನೇ ಗುಂಪಿನಿಂದಲೇ ಶುರು ಮಾಡಿ. ಒಂದು ತಂಡ ಆರಿಸಿಕೊಳ್ಳಿ. ಮೇಲಿನ ಸ್ಥಾನದಲ್ಲಿರುವುದೇ ಬೇಕೆಂದಿಲ್ಲ, ಮಧ್ಯದ್ದಾದರೆ ಇನ್ನೂ ಒಳ್ಳೆಯದು. ಮಾರ್ಚ್ ತಿಂಗಳು ಬಂದ ಕೂಡಲೇ ಇನ್ನೊಂದು ಟೇಬಲ್ ತೆರೆದು ಪಕ್ಕಕ್ಕೆ ಇಟ್ಟುಕೊಳ್ಳಿ. ಅಸ್ಟೂರಿಯಸ್ ತಂಡಗಳು ಸಾಮಾನ್ಯವಾಗಿ ಇರುವ ಸೆಗುಂಡಾ ಫೆಡರೇಶನ್‌ನ 1ನೇ ಗುಂಪಿನದು. ಅದರ ಕೊನೆಯ ಐದಾರು ಸಾಲುಗಳಲ್ಲಿ ಎಷ್ಟು ಅಸ್ಟೂರಿಯಸ್ ಹೆಸರುಗಳಿವೆ ಅಂತ ಎಣಿಸಿ. ನಿಮ್ಮ 15ನೇ ತಂಡದ ಕಥೆ ಅಲ್ಲಿ ಸಿಗುತ್ತದೆ.